ಒಂದೇ ಒಲೆ, ಒಂದೇ ಊಟ

(ಸಂಘದ ಉಚಿತ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣ)



ವಾಚನಾಲಯದಲ್ಲಿ ನಿಂತು ಅಡಿಗೆಯ ಮಾತನಾಡುವುದೇ ಎಂದು ಕೆಲವರಿಗೆ ನಗು ಬರಬಹುದು. ಈ ಕೋಣೆಯಲ್ಲಿ ಸಾಹಿತ್ಯದ ಮಾತು ನಡೆದಿದೆ, ನಾಟಕದ ಮಾತು ನಡೆದಿದೆ. ಇಂದು ನನ್ನ ಪಾಲಿಗೆ ಬಂದದ್ದು ಖೀಮಾ ಮತ್ತು ಶ್ಯಾವಿಗೆ. ಆದರೆ ಇಲ್ಲಿ ಕಪಾಟಿನ ಬೀಗದ ಕೈ ಹಿಡಿದು ಕುಳಿತುಕೊಳ್ಳುವವನಿಗೆ ಗೊತ್ತಾಗುವ ಒಂದು ಸಂಗತಿ ಉಂಟು. ಕಾದಂಬರಿ ಬೇಕಾದವರು ದೂರದಿಂದಲೇ ಹೆಸರು ಕೂಗಿ ಕೇಳುತ್ತಾರೆ. ಮಧುಮೇಹದ ಪುಸ್ತಕ ಬೇಕಾದವರು ಮಾತ್ರ ಮೇಜಿನ ಹತ್ತಿರ ಬಂದು, ದನಿ ತಗ್ಗಿಸಿ, “ನನಗಲ್ಲ, ಪರಿಚಯದವರೊಬ್ಬರಿಗೆ” ಎನ್ನುತ್ತಾರೆ. ಹಾಗೆ ಕೇಳಿದವರು ಒಬ್ಬಿಬ್ಬರಲ್ಲ. ಪುಸ್ತಕ ಹಿಂತಿರುಗಿಸುವಾಗ ಅವರು ಹೇಳುವ ಮಾತೂ ಹೆಚ್ಚುಕಡಿಮೆ ಒಂದೇ: “ಅನ್ನ ಕಡಿಮೆ ಮಾಡಿ, ಸಕ್ಕರೆ ಬಿಡಿ ಎಂದು ಬರೆದಿದೆ. ಸರಿ, ರಾತ್ರಿ ಒಲೆಯ ಮೇಲೆ ಏನು ಇಡಬೇಕು ಎಂದು ಮಾತ್ರ ಬರೆದಿಲ್ಲ.”

ಆ ಪ್ರಶ್ನೆಗೆ ಒಂದು ಉತ್ತರ ಕೊಡುವುದಷ್ಟೇ ಇಂದಿನ ನನ್ನ ಉದ್ದೇಶ. ನಾನು ವೈದ್ಯನಲ್ಲ; ಹೋಟೆಲಿನ ಭಟ್ಟನೂ ಅಲ್ಲ. ಓದಿ ತಿಳಿದದ್ದನ್ನು, ಒಂದು ಒಲೆ, ಎರಡು ಪಾತ್ರೆ ಇರುವ ಕೋಣೆಯಲ್ಲಿ ಕೈಯಾರೆ ಮಾಡಿ ನೋಡಿದ್ದೇನೆ. ಆ ಮಟ್ಟಿನ ಅಧಿಕಾರದಿಂದಲೇ ಈ ನಾಲ್ಕು ಮಾತು.

ಮೊದಲು ಕಾಯಿಲೆಯ ವಿಚಾರ. ಇದು ಹೊಸ ಕಾಯಿಲೆಯಲ್ಲ. ನಮ್ಮ ಚರಕ, ಸುಶ್ರುತರ ಗ್ರಂಥಗಳಲ್ಲಿ ಪ್ರಮೇಹ, ಮಧುಮೇಹ ಎಂಬ ಹೆಸರುಗಳಿವೆ. ಇರುವೆ ಮುತ್ತುವಂತಹ ಸಿಹಿಮೂತ್ರದ ಲಕ್ಷಣವನ್ನು ಹಿಂದಿನವರು ಬಲ್ಲರು. ಆದರೆ ಔಷಧ ಸಿಕ್ಕಿದ್ದು ತೀರ ಇತ್ತೀಚೆಗೆ. 1921ರಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬ ಇಬ್ಬರು ಇನ್ಸುಲಿನ್ ರಸವನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ ಅಲ್ಲಿಯ ಆಸ್ಪತ್ರೆಯಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಅದನ್ನು ಚುಚ್ಚಿದರು. ಅದಕ್ಕೆ ಮೊದಲು ಎಳೆಯ ವಯಸ್ಸಿನಲ್ಲಿ ಈ ಕಾಯಿಲೆ ಬಂದರೆ ಬದುಕಿನ ಆಸೆ ಇರಲಿಲ್ಲ. ಇಂದು ಗುಳಿಗೆ, ಚುಚ್ಚುಮದ್ದು, ಪರೀಕ್ಷೆಯ ಯಂತ್ರ ಎಲ್ಲವೂ ಇವೆ. ಆದರೂ ಕಾಯಿಲೆ ಹಬ್ಬುತ್ತಲೇ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ. ಪ್ರಾಯದವರಲ್ಲಿ ನೂರಕ್ಕೆ ಹನ್ನೊಂದಕ್ಕಿಂತ ಹೆಚ್ಚು ಮಂದಿ. ಇದು ಶ್ರೀಮಂತರ ಕಾಯಿಲೆ ಎಂದು ಹೇಳಿ ನಾವು ತಪ್ಪಿಸಿಕೊಳ್ಳುವ ಕಾಲ ಮುಗಿಯಿತು.

ಮುಂಬಯಿಯಲ್ಲಿ ದುಡಿಯುವ ನಮ್ಮವರ ದಿನಚರಿಯನ್ನೇ ನೋಡಿ. ಬೆಳಗ್ಗೆ ಚಹಾ, ಒಂದು ಬನ್ನು. ಮಧ್ಯಾಹ್ನ ವಡಾಪಾವ್, ಅದೂ ನಿಂತುಕೊಂಡು. ಸಂಜೆ ಮತ್ತೆ ಸಕ್ಕರೆ ಹಾಕಿದ ಚಹಾ ಎರಡು ಸಲ. ಗಾಡಿ ಹಿಡಿದು ಭಾಂಡೂಪಿಗೋ ಬೋರಿವಲಿಗೋ ಡೊಂಬಿವಲಿಗೋ ಮುಟ್ಟುವಾಗ ರಾತ್ರಿ ಒಂಬತ್ತು. ಆಮೇಲೆ ಇಡೀ ದಿನದ ಹಸಿವನ್ನು ಒಂದೇ ತಟ್ಟೆಯಲ್ಲಿ ತೀರಿಸಿಕೊಳ್ಳುವುದು: ರಾಶಿ ಅನ್ನ, ತೆಳು ಸಾರು, ಒಂದು ತುಂಡು ಹುರಿದ ಮೀನು ಅಥವಾ ಉಪ್ಪಿನಕಾಯಿ. ಊಟವಾದ ಅರ್ಧ ಗಂಟೆಗೆ ನಿದ್ರೆ. ದುಡಿದ ದೇಹಕ್ಕೆ ಅನ್ನ ಬೇಕು, ನಿಜ. ಆದರೆ ದುಡಿಮೆ ಮುಗಿದ ಮೇಲೆ ಬರುವ ಅನ್ನವನ್ನು ದೇಹ ಎಲ್ಲಿ ಖರ್ಚು ಮಾಡಬೇಕು?

ಲೆಕ್ಕ ಬರೆಯುವ ಅಭ್ಯಾಸ ಇರುವವನು ನಾನು. ಇದಕ್ಕೂ ಒಂದು ಲೆಕ್ಕ ಹಾಕೋಣ. ಹಸಿದವನ ರಾತ್ರಿಯ ತಟ್ಟೆಗೆ 150 ಗ್ರಾಂ ಅಕ್ಕಿಯಾದರೂ ಬೀಳುತ್ತದೆ. ಅದರಲ್ಲಿ ಸುಮಾರು 115 ಗ್ರಾಂ ಪಿಷ್ಟ. ಹೊಟ್ಟೆಯಲ್ಲಿ ಈ ಪಿಷ್ಟವೆಲ್ಲ ಒಡೆದು ಗ್ಲೂಕೋಸ್ ಎಂಬ ಸಕ್ಕರೆಯಾಗಿಯೇ ರಕ್ತಕ್ಕೆ ಸೇರುತ್ತದೆ. ನಾಲಿಗೆಗೆ ಸಿಹಿ ಇಲ್ಲವೆಂದು ರಕ್ತಕ್ಕೆ ಸಿಹಿ ಇಲ್ಲವೆಂದಾಗಲಿಲ್ಲ. ಚಹಾದ ಸಕ್ಕರೆ ಬಿಟ್ಟೆನೆಂದು ಹೆಮ್ಮೆಪಡುವ ಅನೇಕರು ಅನ್ನದ ಈ ಲೆಕ್ಕವನ್ನು ಮರೆಯುತ್ತಾರೆ.

ಇನ್ನು ಈ ವಿಷಯವನ್ನು ನಾನು ಆರಿಸಿಕೊಂಡ ಕಾರಣ ಹೇಳಬೇಕು. ನನಗೆ ಪರಿಚಯದ ಒಂದು ಕೋಣೆಯಲ್ಲಿ ಕುಂದಾಪುರದ ಕಡೆಯ ಆರು ಮಂದಿ ಇದ್ದಾರೆ. ಹಿರಿಯರು ಒಬ್ಬರು, ಉಳಿದವರಲ್ಲಿ ಇಬ್ಬರು ಅವರ ಅಕ್ಕನ ಮಕ್ಕಳು. ಹಿರಿಯರಿಗೆ ಮಧುಮೇಹವಿದೆ ಎಂದು ಮೂರು ವರ್ಷ ಯಾರಿಗೂ ಗೊತ್ತಿರಲಿಲ್ಲ. ಗುಳಿಗೆಯನ್ನು ಟ್ರಂಕಿನ ಬಟ್ಟೆಯಡಿ ಇಟ್ಟು, ಎಲ್ಲರೂ ಮಲಗಿದ ಮೇಲೆ ನುಂಗುತ್ತಿದ್ದರು. ಊಟ ಎಲ್ಲರೊಡನೆ, ಎಲ್ಲರಷ್ಟೇ. ಒಂದು ಮಳೆಗಾಲದಲ್ಲಿ ಚಪ್ಪಲಿ ಕಚ್ಚಿ ಕಾಲ ಬೆರಳಿಗೆ ಗಾಯವಾಯಿತು. ಕಾಲಿನ ಸ್ಪರ್ಶ ಮಂದವಾಗಿದ್ದುದರಿಂದ ನೋವೇ ತಿಳಿಯಲಿಲ್ಲ. ಆಸ್ಪತ್ರೆಗೆ ಹೋಗುವಾಗ ತಡವಾಗಿತ್ತು; ಬೆರಳು ತೆಗೆಯಬೇಕಾಯಿತು.

ನೋಡಲು ಹೋದಾಗ ಕೇಳಿದೆ: “ಅಣ್ಣ, ಹುಡುಗರಿಗೆ ಒಂದು ಮಾತು ಹೇಳಬಾರದಿತ್ತೇ?”

“ಹೇಳಿ ಎಂತ ಮಾಡುದು ಮಾರಾಯ? ನನಗೆ ಬೇರೆ ಅಡಿಗೆ ಮಾಡ್ಬೇಕು ಅಂತಾರೆ. ದಿನಾ ಹನ್ನೆರಡು ತಾಸು ದುಡಿದು ಬರುವ ಮಕ್ಕಳು. ಬೇರೆ ತಟ್ಟೆ ಇಟ್ಟುಕೊಂಡು ಮೂಲೆಯಲ್ಲಿ ಕೂತು ಉಣ್ಣುವ ರೋಗಿ ಆಗುದು ಬೇಡ ಅನ್ನಿಸಿತು.”

ಪಕ್ಕದಲ್ಲಿ ನಿಂತಿದ್ದ ಅಳಿಯ ಹೇಳಿದ: “ಮಾವ, ನೀವು ಉಣ್ಣುದನ್ನೇ ನಾವೂ ಉಂಡರಾಯಿತಲ್ಲ. ಅದಕ್ಕೆ ಬೆರಳು ಕೊಡಬೇಕಿತ್ತಾ?”

ಆ ಹುಡುಗನ ಮಾತಿನಲ್ಲಿಯೇ ಇಂದಿನ ನನ್ನ ಭಾಷಣದ ಸಾರವಿದೆ. ಮಧುಮೇಹಿಯ ಪಥ್ಯವೆಂದರೆ ಬೇರೆ ಒಲೆ, ಬೇರೆ ತಟ್ಟೆ, ರುಚಿಯಿಲ್ಲದ ಗಂಜಿ ಎಂಬ ಭಾವನೆಯೇ ನಮ್ಮವರನ್ನು ಹೆಚ್ಚು ಕೆಡಿಸುತ್ತಿದೆ. ಪಥ್ಯ ರೋಗಿಯನ್ನು ಒಂಟಿ ಮಾಡಿದರೆ ಅವನು ಪಥ್ಯ ಬಿಡುತ್ತಾನೆ, ಇಲ್ಲವೆ ರೋಗ ಬಚ್ಚಿಡುತ್ತಾನೆ. ಎಲ್ಲರೂ ಸಂತೋಷದಿಂದ ಉಣ್ಣುವ ಅಡಿಗೆಯೊಂದನ್ನು ಮಾಡಿ, ಅಳತೆಯಲ್ಲಿ ಮಾತ್ರ ವ್ಯತ್ಯಾಸ ಇಟ್ಟರೆ ಈ ತೊಂದರೆಯಿಲ್ಲ.

ಅಂತಹ ಒಂದು ಅಡಿಗೆ ಹೊರದೇಶದ ಮಧುಮೇಹದ ಪಾಕಪುಸ್ತಕಗಳಲ್ಲಿ ಕಾಣುತ್ತದೆ. ಅಮೆರಿಕದವರು ಟರ್ಕಿ ಕೋಳಿಯ ಮಾಂಸವನ್ನು ಕೊಚ್ಚಿ, ತರಕಾರಿಯೊಡನೆ ಬೇಯಿಸಿ, ನೂಡಲ್ಸ್ ಸೇರಿಸಿ ರಾತ್ರಿಯ ಊಟ ಮಾಡುತ್ತಾರೆ. ದನದ ಮಾಂಸಕ್ಕಿಂತ ಅದರಲ್ಲಿ ಸಾಮಾನ್ಯವಾಗಿ ಕೊಬ್ಬು ಕಡಿಮೆ ಎಂಬುದು ಕಾರಣ. ಈ ಹಕ್ಕಿಗೂ ನಮ್ಮ ಪಡುವಣ ಕರಾವಳಿಗೂ ಒಂದು ಹಳೆಯ ನಂಟುಂಟು: 1612ರಲ್ಲಿ ಜಹಾಂಗೀರ್ ಬಾದಶಹನ ದರಬಾರಿಗೆ ಒಂದು ಟರ್ಕಿ ಕೋಳಿ ಹೋದದ್ದು ಗೋವೆಯಿಂದ. ಅದನ್ನು ಕಂಡು ಬೆರಗಾದ ಬಾದಶಹ ಚಿತ್ರವನ್ನೇ ಬರೆಯಿಸಿದ. ಆದರೆ ಬಾದಶಹನ ಹಕ್ಕಿ ನಮ್ಮ ಪೇಟೆಯ ಕೋಳಿ ಅಂಗಡಿಯಲ್ಲಿ ಸಿಕ್ಕುವುದಿಲ್ಲ. ಸಿಕ್ಕಬೇಕಾಗಿಯೂ ಇಲ್ಲ. ಚರ್ಮ ತೆಗೆದ ಸಾಧಾರಣ ಕೋಳಿಯ ಎದೆಮಾಂಸ ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ನಮ್ಮ ಕಡೆ ಕೈಮ ಎನ್ನುತ್ತೇವೆ, ಇಲ್ಲಿ ಖೀಮಾ ಎನ್ನುತ್ತಾರೆ. ಇರಾನಿ ಹೋಟೆಲಿನ ಖೀಮಾ ಪಾವ್ ತಿನ್ನದ ಮುಂಬಯಿಕರನಿದ್ದರೆ ಅವನು ಸಸ್ಯಾಹಾರಿಯೇ ಇರಬೇಕು.

ನೂಡಲ್ಸಿನ ಸ್ಥಾನಕ್ಕೆ ನಮ್ಮಲ್ಲಿ ಶ್ಯಾವಿಗೆ ಇದ್ದೇ ಇದೆ. ಬೆಳಗಾವಿ, ವಿಜಯಪುರ, ಧಾರವಾಡದ ಕಡೆಯವರು ಬೇಸಗೆಯಲ್ಲಿ ಗೋಧಿ ಹಿಟ್ಟಿನ ಶ್ಯಾವಿಗೆ ಎಳೆದು ಬಿಸಿಲಿನಲ್ಲಿ ಒಣಗಿಸಿ ಡಬ್ಬಿ ತುಂಬುತ್ತಾರೆ. ಕರಾವಳಿಯವರು ಅಕ್ಕಿಯ ಶ್ಯಾವಿಗೆಯನ್ನು ಒರಳಿನಲ್ಲಿ ಒತ್ತಿ ಕೋಳಿ ಸಾರಿನೊಡನೆ ಉಣ್ಣುತ್ತಾರೆ. ಹಾಗಾದರೆ ಕೋಳಿ ಮತ್ತು ಶ್ಯಾವಿಗೆಯ ಮದುವೆ ಅಮೆರಿಕದವರು ಮಾಡಿಸಿದ್ದಲ್ಲ. ನಮ್ಮಲ್ಲಿ ಎಂದೋ ಆಗಿದೆ. ನಾವು ಮಾಡಬೇಕಾದದ್ದು ಅಳತೆಯನ್ನು ತಿರುಗಿಸುವುದು. ಈಗ ಶ್ಯಾವಿಗೆ ಹೆಚ್ಚು, ಕೋಳಿ ಕಡಿಮೆ, ತರಕಾರಿ ಇಲ್ಲವೇ ಇಲ್ಲ. ಆಗಬೇಕಾದದ್ದು ತರಕಾರಿ ಹೆಚ್ಚು, ಕೋಳಿ ಸಾಕಷ್ಟು, ಶ್ಯಾವಿಗೆ ಒಂದು ಹಿಡಿ.

ಇಲ್ಲಿ ಒಂದು ಎಚ್ಚರಿಕೆ. ಶ್ಯಾವಿಗೆ ಎಂದರೆ ಎರಡು ನಿಮಿಷದ ನೂಡಲ್ಸ್ ಅಲ್ಲ. 1958ರಲ್ಲಿ ಜಪಾನಿನ ಮೊಮೊಫುಕು ಆಂಡೊ ಎಂಬವರು ನೂಡಲ್ಸನ್ನು ಎಣ್ಣೆಯಲ್ಲಿ ಕರಿದು ಒಣಗಿಸಿ ಮಾರುವ ವಿಧಾನ ತಂದರು. 1983ರಲ್ಲಿ ಮ್ಯಾಗಿ ನಮ್ಮ ದೇಶಕ್ಕೆ ಬಂತು. ಇಂತಹ ಪೊಟ್ಟಣಗಳಲ್ಲಿ ಹೆಚ್ಚಿನವು ಮೈದಾದವು, ಎಣ್ಣೆಯಲ್ಲಿ ಕರಿದವು. ಜತೆಗಿರುವ ಮಸಾಲೆಯಲ್ಲಿ ಉಪ್ಪು ವಿಪರೀತ. ಸ್ಟೇಷನ್ನಿನ ಹೊರಗಿನ ಚೈನೀಸ್ ಗಾಡಿಯ ನೂಡಲ್ಸಿನ ಎಣ್ಣೆ, ಸಾಸುಗಳ ಮಾತು ನಾನು ಹೇಳಬೇಕಾಗಿಲ್ಲ. ತಟ್ಟೆಯ ಅಡಿಯೇ ಹೇಳುತ್ತದೆ. ಅಂಗಡಿಯಲ್ಲಿ ಗೋಧಿ ರವೆಯ ಶ್ಯಾವಿಗೆಯಾಗಲಿ, ಇಡೀ ಗೋಧಿಯದಾಗಲಿ, ರಾಗಿಯದಾಗಲಿ ಕೇಳಿ ಪಡೆಯಿರಿ. ಊರಿನಿಂದ ಬರುವವರಿದ್ದರೆ ಜವಿ ಗೋದಿಯ ಶ್ಯಾವಿಗೆ ತರಿಸಿ. ಮರಾಠಿಯಲ್ಲಿ ಖಪಲಿ ಎನ್ನುವುದು ಇದನ್ನೇ. ಅದು ಬೇಯಿಸಿದರೂ ಬೇಗ ಮುದ್ದೆಯಾಗುವುದಿಲ್ಲ. ಆದರೆ ರಾಗಿಯದು, ಜವಿಯದು ಎಂದ ಮಾತ್ರಕ್ಕೆ ಬೇಕಾದಷ್ಟು ತಿನ್ನಬಹುದೆಂದು ತಿಳಿಯಬೇಡಿ. ಎಲ್ಲವೂ ಪಿಷ್ಟವೇ. ಹೆಸರಿಗಿಂತ ಅಳತೆ ಮುಖ್ಯ.

ಈಗ ಅಡಿಗೆ. ನಾಲ್ವರಿಗೆ ಬೇಕಾದ ಸಾಮಾನು ಬರೆದುಕೊಳ್ಳಿ.

ಚರ್ಮ ತೆಗೆದ ಕೋಳಿಯ ಖೀಮಾ 400 ಗ್ರಾಂ. ಒಣ ಶ್ಯಾವಿಗೆ 160 ಗ್ರಾಂ, ಅಂದರೆ ತಲೆಗೆ 40 ಗ್ರಾಂ. ಎಲೆಕೋಸು 300 ಗ್ರಾಂ. ಬೀನ್ಸ್ ಮತ್ತು ಗಜ್ಜರಿ ಸೇರಿ 200 ಗ್ರಾಂ. ದೊಣ್ಣೆಮೆಣಸು ಒಂದು. ನೀರುಳ್ಳಿ ಎರಡು, ಟೊಮೆಟೊ ಎರಡು. ಶುಂಠಿ ಒಂದು ಅಂಗುಲ, ಬೆಳ್ಳುಳ್ಳಿ ಎಂಟು ಎಸಳು, ಹಸಿಮೆಣಸು ಮೂರು. ಅರಸಿನ ಅರ್ಧ ಚಮಚ, ಕೊತ್ತಂಬರಿ ಪುಡಿ ಎರಡು ಚಮಚ, ಕರಿಮೆಣಸಿನ ಪುಡಿ ಒಂದು ಚಮಚ, ಗರಂ ಮಸಾಲೆ ಅರ್ಧ ಚಮಚ. ಎಣ್ಣೆ ನಾಲ್ಕು ಚಮಚ. ಉಪ್ಪು ತಲೆ ತಟ್ಟಿದ ಒಂದು ಚಮಚ. ನಿಂಬೆಹಣ್ಣು ಒಂದು, ಕೊತ್ತಂಬರಿ ಸೊಪ್ಪು ಒಂದು ಹಿಡಿ. ಚಮಚ ಎಂದರೆ ಚಹಾದ ಚಮಚ, ಬಡಿಸುವ ಸೌಟಲ್ಲ.

ಖೀಮಾ ಕೊಳ್ಳುವಾಗ ಜಾಗ್ರತೆ ಬೇಕು. ಮೊದಲೇ ಕೊಚ್ಚಿಟ್ಟದ್ದನ್ನು ತರಬೇಡಿ. ಎದೆಮಾಂಸ ತೋರಿಸಿ, ಚರ್ಮ ತೆಗೆಸಿ, ನಿಮ್ಮ ಎದುರಿಗೇ ಕೊಚ್ಚಿಸಿರಿ. ಇಡೀ ತುಂಡಿಗಿಂತ ಕೊಚ್ಚಿದ ಮಾಂಸ ಬೇಗ ಕೆಡುತ್ತದೆ. ಗಾಳಿ, ಕೈ, ಕತ್ತಿ ಎಲ್ಲವೂ ಅದರ ಮೈಗೆಲ್ಲ ತಾಗಿರುತ್ತವೆ. ಮುಂಬಯಿಯ ಸೆಕೆಯಲ್ಲಿ ಅದನ್ನು ಚೀಲದಲ್ಲಿಟ್ಟುಕೊಂಡು ಹರಟೆಗೆ ನಿಲ್ಲುವುದು ಸಲ್ಲದು. ಮನೆಯ ಹತ್ತಿರದ ಅಂಗಡಿಯಿಂದ ಕೊನೆಗೆ ಕೊಂಡು, ನೇರವಾಗಿ ಒಲೆಗೆ ತನ್ನಿರಿ. ಮಾಂಸ ಮುಟ್ಟಿದ ಕೈ, ಹಲಗೆ, ಚೂರಿಯನ್ನು ಸಾಬೂನಿನಿಂದ ತೊಳೆದ ಮೇಲೆಯೇ ತರಕಾರಿ ಮುಟ್ಟಬೇಕು. ತರಕಾರಿಯನ್ನು ಮೊದಲೇ ಹೆಚ್ಚಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಮೊದಲ ಕೆಲಸ ಶ್ಯಾವಿಗೆಯದು. ಹುರಿಯದ ಶ್ಯಾವಿಗೆಯಾದರೆ ಎಣ್ಣೆ ಹಾಕದೆ ಬಾಣಲೆಯಲ್ಲಿ ಕೆಂಪಗೆ ಹುರಿಯಿರಿ. ದೊಡ್ಡ ಪಾತ್ರೆಯಲ್ಲಿ ಧಾರಾಳವಾಗಿ ನೀರು ಕುದಿಸಿ ಅದರಲ್ಲಿ ಹಾಕಿ. ಮೂರು ನಿಮಿಷಕ್ಕೆ ಒಂದು ಎಳೆ ತೆಗೆದು ಕಚ್ಚಿ ನೋಡಿ. ನಡುವೆ ಸ್ವಲ್ಪ ಬಿರುಸು ಉಳಿದಿರುವಾಗಲೇ ಬಸಿದು, ತಣ್ಣೀರು ಸುರಿದು, ಜಾಲರಿಯಲ್ಲಿ ಬಿಡಿ. ಮೆತ್ತಗೆ ಗಂಜಿಯಾಗುವವರೆಗೆ ಬೇಯಿಸಬಾರದು. ಅದು ರುಚಿಗಷ್ಟೇ ಅಲ್ಲ. ಹೆಚ್ಚು ಬೆಂದು ಕರಗಿದ ಪಿಷ್ಟ ಬೇಗ ಜೀರ್ಣವಾಗಿ ಸಕ್ಕರೆಯನ್ನು ಬೇಗ ಏರಿಸುತ್ತದೆ.

ಎರಡನೆಯದು ಖೀಮಾ. ಅಗಲವಾದ ಬಾಣಲೆಯಲ್ಲಿ ಎಣ್ಣೆ ಕಾಯಿಸಿ ನೀರುಳ್ಳಿ ಬಾಡಿಸಿ. ಜಜ್ಜಿದ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು ಹಾಕಿ ಹಸಿ ವಾಸನೆ ಹೋಗಲಿ. ಬಳಿಕ ಖೀಮಾ ಹಾಕಿ, ಹರಡಿ, ಉರಿ ಹೆಚ್ಚಿಸಿ. ಮುಚ್ಚಳ ಹಾಕಬೇಡಿ. ಮುಚ್ಚಿದರೆ ತನ್ನ ನೀರಿನಲ್ಲೇ ಬೆಂದು ಗಂಟುಗಂಟಾಗುತ್ತದೆ. ಸೌಟಿನ ಬೆನ್ನಿನಿಂದ ಒಡೆಯುತ್ತ, ನೀರು ಆರಿ ಅಲ್ಲಲ್ಲಿ ಕಂದು ಬಣ್ಣ ಬರುವ ತನಕ ಹುರಿಯಿರಿ. ಸುಮಾರು ಹತ್ತು ನಿಮಿಷ. ಎಲ್ಲಿಯೂ ನಸುಗೆಂಪು ಉಳಿಯಬಾರದು. ಅರಸಿನ, ಕೊತ್ತಂಬರಿ ಪುಡಿ, ಉಪ್ಪು, ಟೊಮೆಟೊ ಸೇರಿಸಿ. ಟೊಮೆಟೊ ಕರಗಿದ ಮೇಲೆ ಬೀನ್ಸ್, ಗಜ್ಜರಿ ಹಾಕಿ, ಕಾಲು ಲೋಟ ನೀರು ಚಿಮುಕಿಸಿ, ಈಗ ಐದು ನಿಮಿಷ ಮುಚ್ಚಿಡಿ. ಕೊನೆಗೆ ಎಲೆಕೋಸು, ದೊಣ್ಣೆಮೆಣಸು. ಮೂರು ನಿಮಿಷ ಸಾಕು; ಎಲೆಕೋಸು ಹಲ್ಲಿಗೆ ಸಿಕ್ಕಬೇಕು. ಕರಿಮೆಣಸು, ಗರಂ ಮಸಾಲೆ ಉದುರಿಸಿ, ಒಲೆ ಆರಿಸಿ, ನಿಂಬೆರಸ ಹಿಂಡಿ, ಸೊಪ್ಪು ಹರಡಿ.

ಕರಾವಳಿಯವರು ಈಗ ಕೇಳುತ್ತೀರಿ: ತೆಂಗಿನಕಾಯಿ ಎಲ್ಲಿ? ನಾಲ್ವರಿಗೆ ಎರಡು ದೊಡ್ಡ ಚಮಚ ಹಸಿ ತುರಿ ಮೇಲೆ ಹಾಕಿರಿ, ಅಡ್ಡಿಯಿಲ್ಲ. ಕಾಯಿಹಾಲು ಮಾತ್ರ ಹಬ್ಬಕ್ಕಿರಲಿ. ಉತ್ತರ ಕರ್ನಾಟಕದವರು ಒಂದು ಚಮಚ ಶೇಂಗಾ ಪುಡಿ ಹಾಕಿದರೆ ಬೇರೊಂದೇ ರುಚಿ ಬರುತ್ತದೆ.

ಇನ್ನು ಬಡಿಸುವುದು. ಈ ಅಡಿಗೆಯ ಗುಟ್ಟು ಇರುವುದು ಇಲ್ಲಿ. ಶ್ಯಾವಿಗೆಯನ್ನು ಬಾಣಲೆಗೆ ಸುರಿದು ಕಲಸಬೇಡಿ. ಖೀಮಾ ಒಂದು ಪಾತ್ರೆಯಲ್ಲಿ, ಶ್ಯಾವಿಗೆ ಇನ್ನೊಂದರಲ್ಲಿ ಇರಲಿ. ಒಮ್ಮೆ ಕಲಸಿದರೆ ಯಾರ ಪಾಲಿಗೆ ಎಷ್ಟು ಶ್ಯಾವಿಗೆ ಹೋಯಿತೆಂದು ಲೆಕ್ಕ ಸಿಕ್ಕದು. ಬೇರೆ ಇದ್ದರೆ ಮಧುಮೇಹಿಯ ತಟ್ಟೆಗೆ ಬೆಂದ ಶ್ಯಾವಿಗೆ ಒಂದು ಹಿಡಿ, ಅದರ ಮೇಲೆ ಖೀಮಾ ತರಕಾರಿ ಧಾರಾಳ. ಇಡೀ ದಿನ ಮೂಟೆ ಹೊತ್ತ ಹುಡುಗನ ತಟ್ಟೆಗೆ ಎರಡು ಹಿಡಿ, ಬೇಕಾದರೆ ಮೂರು. ಅಂತಹವರಿದ್ದರೆ ಶ್ಯಾವಿಗೆಯನ್ನು ಅಷ್ಟಕ್ಕೆ ಹೆಚ್ಚಿಸಿ ಬೇಯಿಸಿ. ಊಟ ಒಂದೇ, ಪಂಕ್ತಿ ಒಂದೇ, ನೆಂಟಸ್ತಿಕೆ ಕೆಡುವುದಿಲ್ಲ. ಆ ಕುಂದಾಪುರದ ಹಿರಿಯರ ಕೋಣೆಯಲ್ಲಿ ಈಗ ವಾರಕ್ಕೆ ಎರಡು ರಾತ್ರಿ ಹೀಗೆಯೇ ನಡೆಯುತ್ತದೆ. ಹುಡುಗರೇ ತರಕಾರಿ ಹೆಚ್ಚುತ್ತಾರೆ. ಬಡಿಸುವ ಸೌಟು ಮಾವನ ಕೈಯಲ್ಲಿ.

ಲೆಕ್ಕ ನೋಡಿ. ತಲೆಗೆ 40 ಗ್ರಾಂ ಒಣ ಶ್ಯಾವಿಗೆಯಿಂದ ಸುಮಾರು 30 ಗ್ರಾಂ ಪಿಷ್ಟ, ತರಕಾರಿ ನೀರುಳ್ಳಿಯಿಂದ ಇನ್ನು ಹತ್ತೋ ಹನ್ನೆರಡೋ ಗ್ರಾಂ. ಅನ್ನದ ತಟ್ಟೆಯ 115 ಗ್ರಾಮಿನ ಎದುರಿಗೆ ಇದು ಅರ್ಧಕ್ಕೂ ಕಡಿಮೆ. ಆದರೂ ಹಸಿವು ಉಳಿಯುವುದಿಲ್ಲ. ಏಕೆಂದರೆ 100 ಗ್ರಾಂ ಕೋಳಿಯ ಎದೆಮಾಂಸದಲ್ಲಿ 20 ಗ್ರಾಮಿಗೂ ಹೆಚ್ಚು ಪ್ರೋಟೀನು ಇದೆ, ತರಕಾರಿಯಲ್ಲಿ ನಾರು ಇದೆ. ಇವೆರಡೂ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತವೆ, ಪಿಷ್ಟ ರಕ್ತಕ್ಕೆ ಇಳಿಯುವ ವೇಗವನ್ನೂ ತಗ್ಗಿಸುತ್ತವೆ. ಎಣ್ಣೆ ತಲೆಗೆ ಒಂದೇ ಚಮಚ. ಅಮೆರಿಕದ ಮಧುಮೇಹ ಸಂಘದವರು ಹೇಳುವ ತಟ್ಟೆಯ ನಿಯಮವೂ ಇದೇ: ಅರ್ಧ ತಟ್ಟೆ ತರಕಾರಿ, ಕಾಲು ತಟ್ಟೆ ಮಾಂಸ, ಮೀನು ಅಥವಾ ಕಾಳು, ಉಳಿದ ಕಾಲು ತಟ್ಟೆ ಅನ್ನ, ರೊಟ್ಟಿ ಅಥವಾ ಶ್ಯಾವಿಗೆ.

ಉಣ್ಣುವ ಕ್ರಮಕ್ಕೂ ಬೆಲೆ ಉಂಟು. 2015ರಲ್ಲಿ ನ್ಯೂಯಾರ್ಕಿನ ವೈದ್ಯರು 11 ಮಂದಿ ಮಧುಮೇಹಿಗಳ ಮೇಲೆ ನಡೆಸಿದ ಒಂದು ಚಿಕ್ಕ ಪರೀಕ್ಷೆಯನ್ನು ಪ್ರಕಟಿಸಿದರು. ಅದೇ ಊಟ, ಅದೇ ಜನ. ಒಂದು ದಿನ ರೊಟ್ಟಿ ಮೊದಲು, ಕೋಳಿ ತರಕಾರಿ ಆಮೇಲೆ. ಇನ್ನೊಂದು ದಿನ ಕೋಳಿ ತರಕಾರಿ ಮೊದಲು, ರೊಟ್ಟಿ ಆಮೇಲೆ. ಎರಡನೆಯ ಕ್ರಮದಲ್ಲಿ ಉಂಡ ಒಂದು ಗಂಟೆಗೆ ರಕ್ತದ ಸಕ್ಕರೆ ಶೇಕಡಾ 37ರಷ್ಟು ಕೆಳಗಿತ್ತು. ಹನ್ನೊಂದು ಮಂದಿಯ ಪರೀಕ್ಷೆಯನ್ನು ವೇದವಾಕ್ಯ ಮಾಡಬೇಕಾಗಿಲ್ಲ. ಆದರೆ ಖರ್ಚಿಲ್ಲದ ಉಪಾಯ. ಮೊದಲು ನಾಲ್ಕು ತುತ್ತು ತರಕಾರಿ ಖೀಮಾ ತಿಂದು ಆಮೇಲೆ ಶ್ಯಾವಿಗೆಗೆ ಕೈ ಹಾಕುವುದರಿಂದ ನಮಗೇನು ನಷ್ಟ?

ಸಸ್ಯಾಹಾರಿಗಳು ಈವರೆಗೆ ತಾಳ್ಮೆಯಿಂದ ಕೇಳಿದ್ದೀರಿ. ನಿಮ್ಮ ಪಾಲು ಮರೆತಿಲ್ಲ. ಅಂಗಡಿಯಲ್ಲಿ ಸಿಕ್ಕುವ ಸೋಯಾ ಹರಳನ್ನು 100 ಗ್ರಾಂ ತಂದು ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಚೆನ್ನಾಗಿ ಹಿಂಡಿ, ಖೀಮಾದಂತೆಯೇ ಹುರಿಯಿರಿ. ಅಷ್ಟರಲ್ಲಿ ಸುಮಾರು 50 ಗ್ರಾಂ ಪ್ರೋಟೀನು ಇದೆ. ಒಂದು ಹಿಡಿ ಶೇಂಗಾ ಸೇರಿಸಿದರೆ ಇನ್ನೂ ಒಳ್ಳೆಯದು. ಮೊಳಕೆ ಬಂದ ಹೆಸರೋ ಮಡಿಕೆ ಕಾಳೋ ಹಾಕಬಹುದು. ಕಾಳಿನಲ್ಲಿಯೂ ಪಿಷ್ಟ ಇರುವುದರಿಂದ ಆ ದಿನ ಶ್ಯಾವಿಗೆ ಇನ್ನೂ ಸ್ವಲ್ಪ ಕಡಿಮೆಯಿರಲಿ.

ಮನೆಯಲ್ಲಿ ಒಲೆ ಹಚ್ಚದೆ ಖಾನಾವಳಿಯಲ್ಲಿ ಉಣ್ಣುವವರೂ ನಮ್ಮಲ್ಲಿ ಬಹಳ ಮಂದಿ. ಮುಂಬಯಿಯ ಗಿರಣಿಗಳ ಕಾಲದಲ್ಲಿ ಸಾವಿರಾರು ಕಾರ್ಮಿಕರಿಗೆ ಅನ್ನ ಹಾಕಿದವರು ಖಾನಾವಳಿಯ ಹೆಂಗಸರು. 1975ರಲ್ಲಿ ಪ್ರೇಮಾತಾಯಿ ಪುರವ ಅವರು ಆ ಹೆಂಗಸರನ್ನು ಕೂಡಿಸಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು. 1982ರ ಮುಷ್ಕರದ ಬಳಿಕ ಗಿರಣಿಗಳು ಒಂದೊಂದಾಗಿ ಮುಚ್ಚಿದರೂ ಡಬ್ಬಿಯ ಊಟ ನಿಂತಿಲ್ಲ. ನಿಮಗೆ ಡಬ್ಬಿ ಕೊಡುವ ತಾಯಿಯೊಡನೆ ನಾಚಿಕೆಯಿಲ್ಲದೆ ಮಾತನಾಡಿ: “ತಾಯಿ, ಅನ್ನ ಅರ್ಧ ಮಾಡಿ, ಆ ಜಾಗದಲ್ಲಿ ಪಲ್ಯ ಒಂದು ಸೌಟು ಹೆಚ್ಚು ಹಾಕಿ.” ಹತ್ತು ಮಂದಿ ಕೇಳಿದರೆ ಹನ್ನೊಂದನೆಯವನಿಗೆ ಕೇಳಬೇಕಾಗಿಯೇ ಇಲ್ಲ.

ಕೊನೆಯದಾಗಿ ಕೆಲವು ಎಚ್ಚರಿಕೆಗಳು. ಇವನ್ನು ದಯವಿಟ್ಟು ಅಡಿಗೆಗಿಂತ ಹೆಚ್ಚು ಗಮನವಿಟ್ಟು ಕೇಳಿ.

ಒಂದು. ಇನ್ಸುಲಿನ್ ಚುಚ್ಚಿಕೊಳ್ಳುವವರು, ಸಕ್ಕರೆ ಇಳಿಸುವ ಗುಳಿಗೆ ನುಂಗುವವರು, ಇಂದು ಈ ಭಾಷಣ ಕೇಳಿ ನಾಳೆಯೇ ಅನ್ನ ಅರ್ಧ ಮಾಡಬೇಡಿ. ಮೊದಲು ವೈದ್ಯರಿಗೆ ಹೇಳಿ. ಔಷಧ ಹಳೆಯ ಊಟದ ಅಳತೆಗೆ ಇದ್ದು, ಊಟ ಮಾತ್ರ ಇಳಿದರೆ ರಕ್ತದ ಸಕ್ಕರೆ ತೀರ ಕೆಳಗೆ ಹೋಗಬಹುದು. ಮೈ ಬೆವರುವುದು, ಕೈ ನಡುಗುವುದು, ಎದೆ ಹೊಡೆದುಕೊಳ್ಳುವುದು, ಮಾತು ತಡವರಿಸುವುದು ಅದರ ಗುರುತು. ಆಗ ತಡಮಾಡದೆ ಮೂರು ನಾಲ್ಕು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ. ಎಚ್ಚರ ತಪ್ಪಿದವನ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಕೋಣೆಯವರಿಗೆ ಕಾಯಿಲೆ ಗೊತ್ತಿರಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕೇ. ಬಚ್ಚಿಟ್ಟ ಕಾಯಿಲೆಗೆ ನಡುರಾತ್ರಿ ಸಕ್ಕರೆ ನೀರು ಕೊಡುವವರು ಯಾರು?

ಎರಡು. ಮೂತ್ರಪಿಂಡದ ತೊಂದರೆ ಇದೆ ಎಂದು ವೈದ್ಯರು ಹೇಳಿದ್ದರೆ, ಮಾಂಸ, ಸೋಯಾ ಎಷ್ಟು ತಿನ್ನಬಹುದೆಂದು ಅವರನ್ನೇ ಕೇಳಿ.

ಮೂರು. ರಾತ್ರಿ ಊಟಕ್ಕೆ ಕುಳಿತುಕೊಳ್ಳುವ ಮೊದಲು ಕಾಲು ತೊಳೆದು, ಒರೆಸಿ, ಬೆರಳುಗಳ ಸಂದು ನೋಡಿಕೊಳ್ಳಿ. ಕನ್ನಡಿ ಇಟ್ಟು ಅಂಗಾಲು ನೋಡಿ. ನೋವಿಲ್ಲವೆಂದು ಗಾಯವಿಲ್ಲವೆಂದು ತಿಳಿಯಬೇಡಿ.

ನಾಲ್ಕು. ನನ್ನ ಮಾತನ್ನು ನಂಬುವ ಬದಲು ನಿಮ್ಮ ರಕ್ತವನ್ನೇ ಕೇಳಿ. ಸಕ್ಕರೆ ಅಳೆಯುವ ಚಿಕ್ಕ ಯಂತ್ರ ಇರುವವರು ಒಂದು ರಾತ್ರಿ ಎಂದಿನ ಅನ್ನದ ಊಟ ಮಾಡಿ, ಮೊದಲ ತುತ್ತಿನಿಂದ ಎರಡು ಗಂಟೆಗೆ ಅಳೆದು ಬರೆದಿಡಿ. ಇನ್ನೊಂದು ರಾತ್ರಿ ಈ ಊಟ ಮಾಡಿ ಅದೇ ಹೊತ್ತಿಗೆ ಅಳೆಯಿರಿ. ಎರಡು ಅಂಕಿಗಳನ್ನು ಎದುರುಬದುರು ಇಟ್ಟರೆ ಯಾವ ಪುಸ್ತಕವೂ ಬೇಡ. ಅನೇಕರಿಗೆ ವೈದ್ಯರು ಊಟದ ಬಳಿಕ 180ರ ಒಳಗಿರಲಿ ಎಂದು ಹೇಳುತ್ತಾರೆ; ನಿಮಗೆ ಎಷ್ಟು ಎಂಬುದನ್ನು ನಿಮ್ಮ ವೈದ್ಯರಿಂದ ತಿಳಿಯಿರಿ. ಇನ್ನೂ ಪರೀಕ್ಷೆಯನ್ನೇ ಮಾಡಿಸದವರು ಮುನಿಸಿಪಾಲಿಟಿಯ ಹತ್ತಿರದ ದವಾಖಾನೆಗೆ ಒಂದು ಬೆಳಗ್ಗೆ ಬರಿಹೊಟ್ಟೆಯಲ್ಲಿ ಹೋಗಿ ಬನ್ನಿ. ಬರಿಹೊಟ್ಟೆಯ ಅಂಕಿ 126 ಅಥವಾ ಮೇಲಿದ್ದು, ಮತ್ತೊಮ್ಮೆ ನೋಡಿದಾಗಲೂ ಹಾಗೆಯೇ ಇದ್ದರೆ ಅದು ಮಧುಮೇಹ. 100 ರಿಂದ 125ರ ನಡುವೆ ಇದ್ದರೆ ಅದು ಬಾಗಿಲು ತಟ್ಟುತ್ತಿದೆ ಎಂದು ಅರ್ಥ. ಒಳಗೆ ಬರದಂತೆ ತಡೆಯಲು ಆಗ ಇನ್ನೂ ಸಮಯವಿದೆ.

ಮಹನೀಯರೇ, ಊರು ಬಿಟ್ಟು ಬಂದ ನಮಗೆ ಇಲ್ಲಿ ಆಸ್ತಿ ಎಂದರೆ ಈ ದೇಹ ಒಂದೇ. ತಿಂಗಳ ಕೊನೆಗೆ ಊರಿಗೆ ಹೋಗುವ ಹಣ ಈ ಕೈಕಾಲುಗಳಿಂದ ಹೋಗಬೇಕು. ಅದನ್ನು ಕಾಪಾಡಿಕೊಳ್ಳಲು ದುಬಾರಿ ಪುಡಿ, ಡಬ್ಬಿ, ಪತ್ರಿಕೆಯ ಜಾಹೀರಾತಿನ ಕಷಾಯ ಯಾವುದೂ ಬೇಡ. ಅರ್ಧ ಎಲೆಕೋಸು, ಒಂದು ಹಿಡಿ ಶ್ಯಾವಿಗೆ, ನಾಲ್ವರಿಗೆ ನೂರು ಗ್ರಾಂ ಕಡಿಮೆ ಅರ್ಧ ಕಿಲೋ ಖೀಮಾ ಎಂದು ತೂಗಿ ತೂಗಿ ಲೆಕ್ಕ ಹಾಕಬೇಕಾಗಿಯೂ ಇಲ್ಲ. 400 ಗ್ರಾಂ ಎಂದರೆ ಅಂಗಡಿಯವನಿಗೆ ತಿಳಿಯುತ್ತದೆ. ಜತೆಗೆ ಒಂದು ಮಾತು ಬೇಕು: “ನನಗೆ ಈ ಕಾಯಿಲೆ ಉಂಟು” ಎಂದು ಕೋಣೆಯವರೆದುರು ಹೇಳುವ ಮಾತು.

ಈ ಅಡಿಗೆಯ ಅಳತೆಯನ್ನು ಒಂದು ಕಾಗದದಲ್ಲಿ ಬರೆದು ವಾಚನಾಲಯದ ಸೂಚನಾ ಫಲಕದಲ್ಲಿ ಅಂಟಿಸಿದ್ದೇನೆ. ನೋಡಿಕೊಂಡು ಬರೆದುಕೊಳ್ಳಿ. ಮಧುಮೇಹದ ಪುಸ್ತಕಗಳನ್ನು ಒಳಗಿನ ಕಪಾಟಿನಿಂದ ತೆಗೆದು, ಪತ್ರಿಕೆಗಳ ಪಕ್ಕದ ತೆರೆದ ಮೇಜಿನ ಮೇಲೆ ಇಡಲು ಕಾರ್ಯದರ್ಶಿಯವರು ಒಪ್ಪಿದ್ದಾರೆ. ಇನ್ನು ಯಾರೂ ದನಿ ತಗ್ಗಿಸಿ ಕೇಳಬೇಕಾಗಿಲ್ಲ.